ಶಿರಸಿಯಲ್ಲಿ ಹಳೆ ಟ್ರ್ಯಾಕ್ಟರಿನ ಡೀಸೆಲ್ ಲೈನ್ ಚೆಕಪ್: ಫಿಲ್ಟರಿಗೆ ಪೂರ್ತಿ ಅಂಕ, ರಿಟರ್ನ್ ಪೈಪಿಗೆ ಸೊನ್ನೆ

ನಾಟಿ ಮುಗಿಸಿ ಜುಲೈ ಕೊನೆಗೆ ಕೊಟ್ಟಿಗೆ ಸೇರಿದ ಟ್ರ್ಯಾಕ್ಟರ್ ಘಟ್ಟದ ಮೇಲೆ ಮತ್ತೆ ಹೊರಗೆ ಬರುವುದು ದೀಪಾವಳಿಯ ಆಚೀಚೆ. ಬಂದದ್ದು ನೆಟ್ಟಗೆ ಸ್ಟಾರ್ಟಾಗುವುದಿಲ್ಲ. ಸ್ಟಾರ್ಟಾದರೂ ಅರ್ಧ ಫರ್ಲಾಂಗು ಹೋಗಿ, ಕೆಮ್ಮಿ, ನಿಲ್ಲುತ್ತದೆ. ಆ ದಿನಗಳಲ್ಲಿ ಶಿರಸಿ ಪೇಟೆಯ ಗ್ಯಾರೇಜುಗಳಲ್ಲಿ ಕಿವಿಗೆ ಬೀಳುವ ಮಾತು ಒಂದೇ: ‘ಡೀಸೆಲ್ ಲೈನ್ ಒಂದ್ಸಲ ನೋಡಿಬಿಡಿ’. ಟ್ಯಾಂಕಿನಿಂದ ಎಂಜಿನ್ನಿಗೆ ಡೀಸೆಲ್ ಒಯ್ಯುವ ಪೈಪು, ಫಿಲ್ಟರು, ಪಂಪುಗಳ ಸಾಲೇ ಆ ಲೈನು.

ಪೇಟೆಯಂಚಿನ ಅಂಥದೊಂದು ಗ್ಯಾರೇಜಿನ ಡೀಸೆಲ್ ಲೈನ್ ಚೆಕಪ್ಪಿನ ವಿಮರ್ಶೆ ಇದು. ಗ್ಯಾರೇಜಿನ ಹೆಸರು ಬೇಡ. ಚೆಕಪ್ಪಿಗೆ ನಿಂತದ್ದು ಇಪ್ಪತ್ತೈದು ವರ್ಷ ದಾಟಿದ, ಮೈಕೋ ಇನ್‌ಲೈನ್ ಪಂಪಿನ (ಪ್ರತಿ ಸಿಲಿಂಡರಿಗೂ ಒತ್ತಡದಲ್ಲಿ ಡೀಸೆಲ್ ತಳ್ಳುವ ಪಂಪು), ನಾಲ್ಕು ಸಿಲಿಂಡರಿನ ಗಾಡಿ. ಮೈಕೋ ಕಂಪನಿಯ ಹೆಸರು 2008ರಲ್ಲೇ ಬಾಶ್ ಆಯಿತು. ನಮ್ಮ ಕಡೆ ಮೆಕ್ಯಾನಿಕ್ಕುಗಳ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಮೈಕೋ ಪಂಪೇ. ನಿಂತ ಗಾಡಿಯನ್ನು ಓಡಿಸುವುದರಲ್ಲಿ ಇಲ್ಲಿಯವರ ಕೈ ಪಳಗಿದೆ. ಓಡುವ ಗಾಡಿಗೆ ಬೆಂಕಿ ಹತ್ತದಂತೆ ನೋಡುವುದು ಬೇರೆಯದೇ ಕೆಲಸ, ಅದು ಅರ್ಧಕ್ಕೇ ನಿಂತಿದೆ.

ಮೊದಲು ಒಳ್ಳೆಯದು. ಫಿಲ್ಟರ್ ಕೆಲಸದಲ್ಲಿ ಹುಳುಕು ಹುಡುಕಿದರೂ ಸಿಗಲಿಲ್ಲ. ಈ ಗಾಡಿಗಳಲ್ಲಿ ಅರ್ಧ ಲೀಟರಿನ ಎರಡು ಫಿಲ್ಟರ್ ಜೋಡಿಯಾಗಿ ಕೂತಿರುತ್ತವೆ, ಮೊದಲನೆಯದು ಬಟ್ಟೆಯದು, ಎರಡನೆಯದು ಕಾಗದದ್ದು. ಬಟ್ಟೆಯದನ್ನು ಡೀಸೆಲ್ಲಿನಲ್ಲಿ ತೊಳೆದು ಮತ್ತೊಮ್ಮೆ ಹಾಕಬಹುದು, ಕಾಗದದ್ದನ್ನು ತೊಳೆದರೆ ಕೆಟ್ಟಿತು. ಮಡಿಕೆ ಬಿಚ್ಚಿ, ಹಿಡಿದಿದ್ದ ಕಸವೆಲ್ಲ ನೇರ ಪಂಪಿನೊಳಗೆ ಡೀಸೆಲ್ ತಳ್ಳುವ ಪ್ಲಂಜರಿಗೆ ಹೋಗುತ್ತದೆ. ಇಲ್ಲಿ ಕಾಗದದ್ದನ್ನು ಕೇಳದೆಯೇ ಹೊಸದು ಹಾಕಿದರು. ಬಟ್ಟಲಿನ ಮೇಲಿನ ರಬ್ಬರ್ ರಿಂಗನ್ನೂ ಬದಲಿಸಿದರು. ಹೊಸ ಫಿಲ್ಟರಿನ ಡಬ್ಬದಲ್ಲಿ ಬರುವ ರಿಂಗನ್ನು ಎಸೆದು ಹಳೆಯದನ್ನೇ ಕೂರಿಸುವ ಸೋಮಾರಿತನ ಹಲವು ಕಡೆ ಇದೆ, ಆಮೇಲೆ ಅಲ್ಲಿಂದ ಏರ್ ಎಳೆಯುತ್ತದೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಕೆಳಗಿನ ಗಾಜಿನ ಬಟ್ಟಲು, ಅದರೊಳಗಿನ ಜಾಲರಿ, ಪೈಪಿನ ತುದಿ ಹಿಡಿಯುವ ಬ್ಯಾಂಜೊ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಶರು, ಎಲ್ಲವನ್ನೂ ಬಿಚ್ಚಿ ನೋಡಿದರು. ವಾಶರ್ ಹೊಸದು ಸಿಗದಿದ್ದಲ್ಲಿ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿ ಕೂರಿಸಿದರು. ಹಳೆ ಕಾಲದ ಸರಿಯಾದ ಕ್ರಮ ಇದು. ಒಮ್ಮೆ ಬಿಗಿಗೊಂಡ ತಾಮ್ರ ಗಟ್ಟಿಯಾಗಿರುತ್ತದೆ, ಹಾಗೇ ಹಾಕಿದರೆ ಎಷ್ಟು ಬಿಗಿದರೂ ಜಿನುಗು ನಿಲ್ಲುವುದಿಲ್ಲ.

ಏರ್ ತೆಗೆದ ರೀತಿಯೂ ಚೆನ್ನ. ಟ್ಯಾಂಕಿನ ಕಾಕ್ ತೆರೆದು, ಮೊದಲ ಫಿಲ್ಟರಿನ ಸ್ಕ್ರೂ ಸಡಿಲಿಸಿ, ಪ್ರೈಮರ್ (ಫೀಡ್ ಪಂಪಿನ ಕೈಪಂಪು) ಒತ್ತುತ್ತಾ ಗುಳ್ಳೆ ನಿಂತ ಮೇಲೆ ಬಿಗಿದು, ಆಮೇಲೆ ಎರಡನೆಯದು, ಆಮೇಲೆ ಪಂಪಿನದು. ಕೊನೆಗೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನೊಜಲ್ ಕಡೆಯ ನಟ್ಟುಗಳನ್ನು ಒಂದು ಸುತ್ತು ಬಿಟ್ಟು, ಸೆಲ್ಫ್ ಹೊಡೆದು, ಡೀಸೆಲ್ ಚಿಮ್ಮಿದ ಹಾಗೆ ಒಂದೊಂದಾಗಿ ಬಿಗಿದರು. ಇಷ್ಟಾದ ಮೇಲೆ ಪ್ರೈಮರಿನ ಗುಂಡಿಯನ್ನು ಕೆಳಗೊತ್ತಿ ತಿರುಗಿಸಿ ಕೂರಿಸಬೇಕು. ಮರೆತರೆ ಅಲ್ಲಿಂದಲೇ ಸೋರಿಕೆ ಶುರು. ಹುಡುಗ ಮರೆತಿದ್ದ, ಮೇಸ್ತ್ರಿ ನೋಡಿ ತಾನೇ ತಿರುಗಿಸಿದ.

ತಪ್ಪು ಶುರುವಾಗುವುದು ನೀರು ತೆಗೆಯುವಲ್ಲಿ. ಟ್ಯಾಂಕಿನ ಅಡಿಯ ಡ್ರೈನ್ ಬಿಚ್ಚಿ ಒಂದು ಲೋಟದಷ್ಟು ಬಿಟ್ಟು, ‘ನೀರಿಲ್ಲ, ಕ್ಲೀನ್ ಇದೆ’ ಎಂದರು. ಗಾಡಿ ಅದಕ್ಕೆ ಕಾಲು ಗಂಟೆ ಮುಂಚೆ ಹೊಂಡಾಗುಂಡಿ ರಸ್ತೆಯಲ್ಲಿ ಕುಲುಕಿಕೊಂಡು ಬಂದದ್ದು. ನೀರು ಡೀಸೆಲ್ಲಿಗಿಂತ ಭಾರ ನಿಜ, ಆದರೆ ಅಡಿಗೆ ಕೂರಲು ಅದಕ್ಕೆ ಹೊತ್ತು ಬೇಕು. ಕುಲುಕಿದ ಟ್ಯಾಂಕಿನಿಂದ ತೆಗೆದ ಲೋಟ ಏನನ್ನೂ ಹೇಳುವುದಿಲ್ಲ. ಸರಿಯಾದ ಕ್ರಮ ಎಂದರೆ ಗಾಡಿ ರಾತ್ರಿಯಿಡೀ ಒಂದೇ ಕಡೆ, ಡ್ರೈನ್ ಇರುವ ಬದಿ ತುಸು ಇಳಿಜಾರಾಗುವಂತೆ ನಿಂತಿರಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಗಾಡಿ ಅಲುಗಿಸದೆ, ಮೊದಲ ಒಂದು ಲೀಟರನ್ನು ಬಿಳಿ ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಇಡಬೇಕು. ನೀರಿದ್ದರೆ ಅಡಿಯಲ್ಲಿ ಗೆರೆ ಹೊಡೆದ ಹಾಗೆ ಬೇರೆಯಾಗುತ್ತದೆ. ಆ ಗೆರೆಯ ಮೇಲೆ ಕಂದು-ಕಪ್ಪು ಲೋಳೆಯ ಪದರ ಕಂಡರೆ ಅದು ತುಕ್ಕಲ್ಲ. ಡೀಸೆಲ್ಲೂ ನೀರೂ ಸೇರುವ ಜಾಗದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು. ಅಂಥ ಟ್ಯಾಂಕಿಗೆ ಎಷ್ಟು ಫಿಲ್ಟರ್ ಹಾಕಿದರೂ ತಿಂಗಳಲ್ಲಿ ಕಟ್ಟುತ್ತದೆ, ಟ್ಯಾಂಕನ್ನೇ ಇಳಿಸಿ ತೊಳೆಯಬೇಕು.

ಆ ನೀರು ಬರುವುದೆಲ್ಲಿಂದ? ಬಂಕಿನವರನ್ನು ಬೈಯುವುದು ಸುಲಭ. ನಮ್ಮ ಮಳೆಗಾಲದ ತೇವದ ಗಾಳಿಯಲ್ಲಿ ಅರ್ಧ ಖಾಲಿ ಟ್ಯಾಂಕು ಮೂರು ತಿಂಗಳು ನಿಂತರೆ ಒಳಗೋಡೆ ತಾನಾಗಿಯೇ ಬೆವರುತ್ತದೆ. ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡಿ ಎನ್ನುವುದು ಇದಕ್ಕೇ. ಇನ್ನೊಂದು ದಾರಿ ಮುಚ್ಚಳ. ಮುಚ್ಚಳದ ಗ್ಯಾಸ್ಕೆಟ್ ಸತ್ತರೆ ಮಳೆನೀರು ಇಳಿಯುತ್ತದೆಂದು ಪ್ಲಾಸ್ಟಿಕ್ ಕೊಟ್ಟೆ ಇಟ್ಟು ಮೇಲಿಂದ ಮುಚ್ಚಳ ಒತ್ತುವ ಪದ್ಧತಿ ಊರೂರಲ್ಲಿದೆ. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿದೆ ಎಂಬುದು ಆಗ ಮರೆತುಹೋಗುತ್ತದೆ. ಕೊಟ್ಟೆ ಅದನ್ನೂ ಮುಚ್ಚುತ್ತದೆ. ಡೀಸೆಲ್ ಇಳಿದಷ್ಟೂ ಒಳಗೆ ಗಾಳಿ ಸಾಲದೆ, ಗಾಡಿ ಅರ್ಧ ತಾಸು ಓಡಿ ನಿಲ್ಲುತ್ತದೆ. ಮುಚ್ಚಳ ತೆರೆದರೆ ‘ಸುಂಯ್’ ಎಂದು ಗಾಳಿ ಎಳೆದುಕೊಳ್ಳುತ್ತದೆ, ಮತ್ತೆ ಅರ್ಧ ತಾಸು ಓಡುತ್ತದೆ. ಈ ಲಕ್ಷಣ ಕಂಡರೆ ಪಂಪು ಬಿಚ್ಚಲೇಬೇಡಿ. ಕೊಟ್ಟೆ ಇಲ್ಲದಿದ್ದರೂ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಆ ತೂತು ಅಚ್ಚುಮೆಚ್ಚು. ಗ್ಯಾರೇಜಿನಲ್ಲಿ ಮುಚ್ಚಳ ತೆರೆದು ಡೀಸೆಲ್ ಎಷ್ಟಿದೆ ನೋಡಿದರೇ ಹೊರತು ಮುಚ್ಚಳವನ್ನು ತಿರುವಿ ನೋಡಿದವರಿಲ್ಲ. ಒಂದು ಪಿನ್ನು, ಒಂದು ಉಸಿರು, ಅಷ್ಟೇ ಕೆಲಸ.

ಈಗ ಪೈಪುಗಳಿಗೆ ಬರೋಣ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ರಬ್ಬರ್ ಪೈಪು ಬಿರಿದಿತ್ತು. ಬಗ್ಗಿಸಿದರೆ ಒಣಗಿದ ಗದ್ದೆಯ ಹಾಗೆ ಬಿರುಕು ಬಾಯಿಬಿಡುತ್ತಿತ್ತು. ಅದನ್ನು ಕಿತ್ತು ಹೊಸದು ಹಾಕಿದ್ದು ಸರಿ, ಹಾಕಿದ್ದೇನು ಎಂಬುದೇ ತಕರಾರು. ಪಾರದರ್ಶಕ ಪಿವಿಸಿ ಪೈಪು, ತೋಟಿಗರ ಮನೆಯಲ್ಲಿ ಸುರುಳಿ ಸುತ್ತಿಟ್ಟಿರುತ್ತದಲ್ಲ, ಆ ಜಾತಿಯದು. ‘ಡೀಸೆಲ್ ಬರೋದು ಕಣ್ಣಿಗೆ ಕಾಣ್ತದೆ’ ಎಂಬುದು ಇವರ ಸಮರ್ಥನೆ. ಕಾಣುವುದು ನಿಜ, ಆದರೆ ಪಿವಿಸಿಯನ್ನು ಮೆತ್ತಗೆ ಇಟ್ಟಿರುವ ಅಂಶವನ್ನೇ ಡೀಸೆಲ್ ನಿಧಾನವಾಗಿ ಹೀರಿಬಿಡುತ್ತದೆ. ಮೊದಲು ಹಳದಿಯಾಗುತ್ತದೆ, ಆಮೇಲೆ ಕಡ್ಡಿಯಂತೆ ಸೆಟೆಯುತ್ತದೆ, ಕೊನೆಗೆ ಕ್ಲಾಂಪಿನ ಹತ್ತಿರ ಉಗುರಿನ ಗೀರಿನಷ್ಟು ಸೀಳುತ್ತದೆ. ಎಂಜಿನ್ನಿನ ಬಿಸಿ ತಾಗುವಲ್ಲಿ ಇದೆಲ್ಲ ಇನ್ನೂ ಬೇಗ. ಬೇಕಾದದ್ದು ಒಳಪದರ ನೈಟ್ರೈಲ್ ರಬ್ಬರಿನದು, ನಡುವೆ ನೂಲಿನ ಹೆಣಿಗೆ ಇರುವ ಫ್ಯೂಯಲ್ ಹೋಸು, ಮೈಮೇಲೆ ‘ಎಸ್‌ಎಇ ಜೆ30 ಆರ್7’ ಎಂಬ ಅಚ್ಚು ಇದ್ದರೆ ನಿಶ್ಚಿಂತೆ. ಬಿಗಿಯಲು ತಂತಿ ಸುತ್ತಬಾರದು. ತಂತಿ ಒಂದೇ ಗೆರೆಯಲ್ಲಿ ಕಚ್ಚಿ ರಬ್ಬರನ್ನು ಕತ್ತರಿಸುತ್ತದೆ. ಪಟ್ಟಿಯ ಕ್ಲಾಂಪೇ ಆಗಬೇಕು, ಅದೂ ಪೈಪಿನ ತುದಿಯಿಂದ ಮೂರ್ನಾಲ್ಕು ಮಿ.ಮೀ. ಒಳಗೆ.

ಒಂದು ಉಪಮಾತು. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ 10 ಪಿಪಿಎಂಗಿಂತ ಹೆಚ್ಚಿರುವಂತಿಲ್ಲ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಹಳೆ ರಬ್ಬರನ್ನು ಉಬ್ಬಿಸಿಡುತ್ತಿದ್ದ ಕೆಲವು ಅಂಶಗಳೂ ಕಡಿಮೆಯಾಗುತ್ತವೆ. ಹಳೆ ಡೀಸೆಲ್ಲಿನಲ್ಲಿ ವರ್ಷಗಟ್ಟಲೆ ನೆನೆದ ಓ-ರಿಂಗು ಆಗ ಕುಗ್ಗಿ ಜಿನುಗಲು ಹತ್ತುತ್ತದೆ. ‘ಡೀಸೆಲ್ ತೆಳ್ಳಗಾಗಿದೆ, ಅದಕ್ಕೇ ಸೋರ್ತದೆ’ ಎಂಬ ಮಾತು ಪೂರ್ತಿ ಸುಳ್ಳೇನಲ್ಲ, ಆದರೆ ಮದ್ದು ಬೈಗುಳವಲ್ಲ, ಹೊಸ ಓ-ರಿಂಗು.

ಸೊನ್ನೆ ಕೊಟ್ಟದ್ದು ರಿಟರ್ನ್ ಪೈಪಿಗೆ. ನಾಲ್ಕು ನೊಜಲುಗಳ ನೆತ್ತಿಯಿಂದ ಉಳಿಕೆ ಡೀಸೆಲ್ಲನ್ನು ಟ್ಯಾಂಕಿಗೋ ಫಿಲ್ಟರಿಗೋ ಒಯ್ಯುವ ಕಿರುಬೆರಳಿಗಿಂತ ಸಣ್ಣ ಪೈಪು ಅದು. ಅದು ಸೋರಿದರೆ ಗಾಡಿಯ ಎಳೆತ ಕಡಿಮೆಯಾಗುವುದಿಲ್ಲ, ಸ್ಟಾರ್ಟಿಗೆ ತೊಂದರೆಯಿಲ್ಲ, ಹೊಗೆ ಬದಲಾಗುವುದಿಲ್ಲ. ಹಾಗಾಗಿ ಯಾರೂ ದೂರು ತರುವುದಿಲ್ಲ, ದೂರಿಲ್ಲದ್ದನ್ನು ಮೆಕ್ಯಾನಿಕ್ಕೂ ನೋಡುವುದಿಲ್ಲ. ಇಲ್ಲಿ ಎರಡನೇ ಮತ್ತು ಮೂರನೇ ನೊಜಲಿನ ನಡುವಿನ ತುಂಡು ಒದ್ದೆಯಾಗಿತ್ತು. ಹೆಡ್ಡಿನ ಮೇಲೆ ಡೀಸೆಲ್ ಹರಡಿ, ಅದಕ್ಕೆ ಧೂಳು, ಅಡಿಕೆ ಸಿಪ್ಪೆಯ ನಾರು, ದರಕು (ಒಣ ಎಲೆ) ಅಂಟಿ ಬೆರಳು ದಪ್ಪದ ಮೆತ್ತೆ ಕಟ್ಟಿತ್ತು. ಮೆತ್ತೆಯನ್ನು ಕೆರೆದು ತೆಗೆದರು, ಪೈಪನ್ನು ಹಾಗೇ ಬಿಟ್ಟರು.

ಹೆಡ್ಡಿನಿಂದ ಬಿಸಿ ಹೊಗೆ ಹೊರಹೋಗುವ ಮ್ಯಾನಿಫೋಲ್ಡಿಗೆ ಒಂದು ಗೇಣು. ‘ಡೀಸೆಲ್ಲಲ್ವಾ, ಪೆಟ್ರೋಲಿನ ಹಾಗೆ ಹತ್ತೋದಿಲ್ಲ’ ಎಂಬ ಧೈರ್ಯ ಎಲ್ಲರಿಗೂ ಇದೆ. ಅದರ ಗಡಿ ಎಲ್ಲಿ ಎಂದು ತಿಳಿದಿರಬೇಕು. ಕಿಡಿ ತಾಗಿದರೆ ಡೀಸೆಲ್ಲಿನ ಆವಿ ಹೊತ್ತಿಕೊಳ್ಳುವಷ್ಟು ಬಿಸಿಗೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ನಮ್ಮ ಡೀಸೆಲ್ಲಿಗೆ ಐಎಸ್ 1460 ಎಂಬ ಭಾರತೀಯ ಮಾನಕ ಹೇಳುವ ಅದರ ಕನಿಷ್ಠ ಮಿತಿ 35 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಎಂಜಿನ್ನಿನ ಬಾನೆಟ್ ಕೆಳಗೆ ಅದಕ್ಕಿಂತ ತಂಪು ಜಾಗ ಹುಡುಕಿದರೂ ಸಿಗದು. ಕಿಡಿಯೇ ಇಲ್ಲದೆ ತಾನಾಗಿ ಹೊತ್ತಿಕೊಳ್ಳಲು ಸುಮಾರು 210 ಡಿಗ್ರಿ ಬೇಕು. ಗಾಳಿಯಾಡುವ ತೆರೆದ ಲೋಹದ ಮೇಲೆ ಇನ್ನೂ ಹೆಚ್ಚು ಬೇಕಾದೀತು. ಆದರೆ ಟ್ರೇಲರಿನಲ್ಲಿ ಚಿರೆಕಲ್ಲು ತುಂಬಿ ದೇವಿಮನೆ ಘಟ್ಟ ಹತ್ತುವ ಗಾಡಿಯ ಮ್ಯಾನಿಫೋಲ್ಡು 400 ದಾಟುವುದು ದೊಡ್ಡ ಮಾತಲ್ಲ. ಡೀಸೆಲ್ಲಿನಲ್ಲಿ ನೆನೆದ ದರಕು ದೀಪದ ಬತ್ತಿಯ ಕೆಲಸವನ್ನೇ ಮಾಡುತ್ತದೆ. ನಾಲ್ಕು ತುಂಡು ಪೈಪು, ನಾಲ್ಕು ಜೊತೆ ವಾಶರು, ಇಪ್ಪತ್ತು ನಿಮಿಷ: ಇಡೀ ಚೆಕಪ್ಪಿನಲ್ಲಿ ಇದಕ್ಕಿಂತ ಅಗ್ಗದ ಕೆಲಸವಿಲ್ಲ, ಬಿಟ್ಟದ್ದು ಅದನ್ನೇ.

ಇದರ ಅಕ್ಕಪಕ್ಕದಲ್ಲೇ ಇನ್ನೊಂದು ಲೋಪ. ಪಂಪಿನಿಂದ ನೊಜಲಿಗೆ ಹೋಗುವ ನಾಲ್ಕು ಉಕ್ಕಿನ ಪೈಪುಗಳನ್ನು ಜೋಡಿಸಿ ಹಿಡಿಯುವ ಸಣ್ಣ ತಗಡಿನ ಕ್ಲಿಪ್ಪುಗಳಿರುತ್ತವೆ, ನಡುವೆ ರಬ್ಬರ್ ಇಟ್ಟಿರುತ್ತಾರೆ. ಬಿಚ್ಚುವಾಗ ತೆಗೆದ ಎರಡು ಕ್ಲಿಪ್ಪುಗಳಲ್ಲಿ ಒಂದು ಟ್ರೇಯಲ್ಲೇ ಉಳಿಯಿತು. ಅದು ಅಲಂಕಾರದ್ದಲ್ಲ. ಪ್ರತಿ ಸಲ ಪಂಪು ತಳ್ಳಿದಾಗಲೂ ಪೈಪು ಮಿಡಿಯುತ್ತದೆ, ಕ್ಲಿಪ್ಪಿಲ್ಲದಿದ್ದರೆ ಆ ನಡುಕವೆಲ್ಲ ತುದಿಯ ನಿಪ್ಪಲ್ಲಿಗೆ ಹೋಗಿ ಅಲ್ಲೇ ಕೂದಲೆಳೆ ಸೀಳು ಬೀಳುತ್ತದೆ. ಆ ಸೀಳಿನಿಂದ ಡೀಸೆಲ್ ತೊಟ್ಟಿಕ್ಕುವುದಿಲ್ಲ, ಹೊಗೆಯಂಥ ತುಂತುರಾಗಿ ಏಳುತ್ತದೆ. ತುಂತುರು ಹೊತ್ತಿಕೊಳ್ಳಲು ಫ್ಲ್ಯಾಶ್ ಪಾಯಿಂಟಿನವರೆಗೆ ಬಿಸಿಯಾಗಬೇಕೆಂದೂ ಇಲ್ಲ. ಸೀಳಿದ ಪೈಪನ್ನು ಬ್ರೇಜಿಂಗ್ ಮಾಡಿ ಹಾಕಿಕೊಡುವವರಿದ್ದಾರೆ. ಬೇಡ, ಹೊಸದೇ ಹಾಕಿ, ಅದೂ ಅದೇ ಉದ್ದದ್ದು, ಅದೇ ಬಾಗಿನದು. ಕೈಯಲ್ಲಿ ಬಗ್ಗಿಸಿ ಹೊಂದಿಸುವಂತಿಲ್ಲ. ನಟ್ಟು ಬಿಗಿಯುವಾಗ ಒಂದು ಪಾನಾ ನಟ್ಟಿಗೆ, ಇನ್ನೊಂದು ಪಂಪಿನ ಡೆಲಿವರಿ ಹೋಲ್ಡರಿಗೆ. ಒಂದೇ ಪಾನಾದಲ್ಲಿ ತಿರುಗಿಸಿದರೆ ಹೋಲ್ಡರೂ ಜೊತೆಗೆ ತಿರುಗುತ್ತದೆ. ಸೋರಿದರೆ ಇನ್ನಷ್ಟು ಬಿಗಿಯುವುದು ಪರಿಹಾರವಲ್ಲ, ಪೈಪಿನ ತುದಿಯ ಕೋನ್ ಚಪ್ಪಟೆಯಾಗಿ ಸೋರಿಕೆ ಹೆಚ್ಚಾಗುತ್ತದೆ. ಸಡಿಲಿಸಿ, ಒರೆಸಿ, ನೇರ ಕೂರಿಸಿ ಮತ್ತೆ ಬಿಗಿಯಬೇಕು. ಈ ಕೀಲುಗಳಿಗೆ ಟೆಫ್ಲಾನ್ ಟೇಪು ಸುತ್ತುವುದಂತೂ ಖಂಡಿತ ಕೂಡದು, ಅದರ ಎಳೆ ನೊಜಲಿನ ತೂತಿಗೆ ಹೋಗಿ ಕೂರುತ್ತದೆ.

ಎಲ್ಲಕ್ಕಿಂತ ಕಿರಿಕಿರಿಯಾದದ್ದು ಸೋರಿಕೆ ನೋಡಿದ ಬಗೆ. ಎಂಜಿನ್ ಓಡುತ್ತಿದ್ದಾಗ ಹುಡುಗ ಅದೇ ಉಕ್ಕಿನ ಪೈಪುಗಳ ನಟ್ಟಿನ ಸುತ್ತ ಬರಿಗೈ ಆಡಿಸಿ ‘ಇಲ್ಲ’ ಎಂದ. ಮಾದರಿ ನೋಡಿ ಈ ನೊಜಲುಗಳು ತೆರೆಯುವುದು ಸುಮಾರು 180ರಿಂದ 250 ಬಾರ್ ಒತ್ತಡದಲ್ಲಿ. ಚರ್ಮ ತೂರಲು ಇದರ ಸಣ್ಣದೊಂದು ಪಾಲು ಸಾಕು. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಮೊದಮೊದಲು ನೋವೂ ಹೆಚ್ಚಿರುವುದಿಲ್ಲ. ಒಳಗೆ ಡೀಸೆಲ್ ಬೆರಳಿನ ನರ-ಸ್ನಾಯುಗಳ ಉದ್ದಕ್ಕೂ ಹರಿದಿರುತ್ತದೆ, ತಾಸುಗಳು ಕಳೆದ ಹಾಗೆ ಬೆರಳು ಉಳಿಯುವ ಸಂಭವವೇ ಇಳಿಯುತ್ತದೆ. ಹಾಗಾದರೆ ಅರಿಶಿನ, ಮುಲಾಮು ಎಂದು ಕೂರದೆ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೇ ಹೋಗಿ, ಒತ್ತಡದಲ್ಲಿ ಡೀಸೆಲ್ ಒಳಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಬೇಕು. ಸೋರಿಕೆ ನೋಡಲು ಒಂದು ರಟ್ಟಿನ ತುಂಡು ಸಾಕು. ಪೈಪಿನಿಂದ ದೂರ ಹಿಡಿದು ಸರಿಸುತ್ತಾ ಹೋದರೆ ತುಂತುರು ತಾಗಿದಲ್ಲಿ ಕಲೆ ಬೀಳುತ್ತದೆ.

ಎಂಜಿನ್ ಆಯಿಲ್ಲಿನ ಕಡ್ಡಿ ಎಳೆದು ನೋಡಿದರು, ಮಟ್ಟ ಸರಿಯಿದೆ ಎಂದರು. ಮೂಸಿ ನೋಡಲಿಲ್ಲ. ಆಯಿಲ್ ಕಡಿಮೆಯಾದರೆ ಎಲ್ಲರಿಗೂ ಚಿಂತೆ, ಹೆಚ್ಚಾದರೆ ಯಾರಿಗೂ ಅನುಮಾನ ಬರುವುದಿಲ್ಲ. ಹಾಕದೇ ಮಟ್ಟ ಏರಿದ್ದರೆ ಡೀಸೆಲ್ ಇಳಿಯುತ್ತಿರಬಹುದು. ಫೀಡ್ ಪಂಪು ಸವೆದಿರಬಹುದು, ಡಯಾಫ್ರಾಮ್ ಇರುವ ಗಾಡಿಗಳಲ್ಲಿ ಅದು ಹರಿದಿರಬಹುದು, ಇಲ್ಲವೇ ನೊಜಲ್ ಮೂತ್ರ ಹೊಯ್ದ ಹಾಗೆ ಸುರಿಸುತ್ತಿರಬಹುದು. ಕಡ್ಡಿಯ ತುದಿಯ ಒಂದು ಹನಿಯನ್ನು ಪೇಪರಿನ ಮೇಲೆ ಬಿಟ್ಟು ಕಾದರೆ, ಡೀಸೆಲ್ ಸೇರಿದ್ದಲ್ಲಿ ನಡುವೆ ಕಪ್ಪು, ಸುತ್ತ ತಿಳಿಯಾದ ಅಗಲ ಉಂಗುರ ಬೀಳುತ್ತದೆ. ತೆಳುವಾದ ಆಯಿಲ್ ಬೇರಿಂಗನ್ನು ತಿನ್ನುತ್ತದೆ. ಮಟ್ಟ ತೀರಾ ಏರಿದರೆ ಎಂಜಿನ್ ತನ್ನ ಆಯಿಲ್ಲನ್ನೇ ಕುಡಿದು ನಿಲ್ಲದೆ ಓಡುವ ಅಪಾಯವೂ ಇದೆ, ಆಗ ಸ್ಟಾಪ್ ಗುಂಡಿ ಎಳೆದರೂ ಫಲವಿಲ್ಲ. ಏರ್ ಕ್ಲೀನರಿನ ಬಾಯಿಗೆ ಹಲಗೆ ಒತ್ತಬೇಕು, ಅಂಗೈಯನ್ನಲ್ಲ. ಸ್ಟಾಪ್ ಕೇಬಲ್ಲನ್ನು ಮಾತ್ರ ಇಲ್ಲಿ ಎಣ್ಣೆ ಬಿಟ್ಟು, ಮೂರು ಸಲ ಎಳೆದು, ಎಂಜಿನ್ ನಿಲ್ಲುವುದನ್ನು ನೋಡಿಯೇ ಬಿಟ್ಟರು. ಇದಕ್ಕೆ ಶಹಬ್ಬಾಸ್ ಎನ್ನಲೇಬೇಕು.

ಟ್ಯಾಂಕಿನ ಪಟ್ಟಿಯ ಕೆಳಗೆ ಸಣ್ಣ ಜಿನುಗಿತ್ತು. ಪಟ್ಟಿಯಡಿಯ ರಬ್ಬರು ನೀರು ಹಿಡಿದಿಟ್ಟು ತಗಡನ್ನು ಹೊರಗಿನಿಂದ ತಿನ್ನುತ್ತದೆ. ಕಾರವಾರ, ಅಂಕೋಲೆ, ಕುಮಟೆ ಕಡೆಯ ಉಪ್ಪುಗಾಳಿಯ ಗಾಡಿಗಳಲ್ಲಿ ಇದು ಇನ್ನೂ ಬೇಗ, ಅಲ್ಲಿಯವರು ವರ್ಷಕ್ಕೊಮ್ಮೆ ಪಟ್ಟಿ ಬಿಚ್ಚಿಯೇ ನೋಡಬೇಕು. ಇವರು ಹೇಳಿದ ಉಪಾಯ: ‘ಡೀಸೆಲ್ ಖಾಲಿ ಮಾಡಿ ಒಂದು ಟಾಕಾ ವೆಲ್ಡಿಂಗ್ ಹಾಕಿಬಿಡೋಣ.’ ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ. ತಗಡಿನ ಮಡಿಕೆಯಲ್ಲಿ ಉಳಿದ ಡೀಸೆಲ್ ಕಾದು ಆವಿಯಾಗಿ, ಒಳಗಿನ ಗಾಳಿಯೊಂದಿಗೆ ಸೇರಿ ಸಿಡಿಯುತ್ತದೆ. ಟ್ಯಾಂಕ್ ರಿಪೇರಿಯನ್ನೇ ಕಸುಬಾಗಿಸಿಕೊಂಡವರು ಬಿಸಿನೀರು-ಸೋಡಾದಲ್ಲಿ ತೊಳೆದು, ವೆಲ್ಡಿಂಗ್ ಜಾಗದ ತುಸು ಕೆಳಗಿನವರೆಗೆ ನೀರು ತುಂಬಿಸಿಕೊಂಡೇ ಕೈ ಹಾಕುತ್ತಾರೆ. ಮಾಲೀಕರು ಒಪ್ಪದ್ದರಿಂದ ಅದು ಅಲ್ಲಿಗೆ ನಿಂತಿತು. ಮನೆ ಮುಟ್ಟುವವರೆಗೆ ಬಾರ್ ಸೋಪು ತಿಕ್ಕಿ ಕಳಿಸಿದರು. ಸೋಪು ಡೀಸೆಲ್ಲಿಗೆ ಕರಗದು, ಒಂದೆರಡು ದಿನಕ್ಕೆ ಅಡ್ಡಿಯಿಲ್ಲ.

ಬ್ಯಾಟರಿಯ ಅರ್ತ್ ತಂತಿ ಬಿಚ್ಚದೆಯೇ ಡೀಸೆಲ್ ಪೈಪಿಗೆ ಕೈ ಹಾಕಿದ್ದು ತಪ್ಪು. ಸೆಲ್ಫಿನ ದಪ್ಪ ಕೇಬಲ್ಲು ಉಕ್ಕಿನ ಪೈಪಿಗೆ ಉಜ್ಜುತ್ತಿದ್ದುದನ್ನು ಕಂಡು ಸರಿಸಿ ಕಟ್ಟಿದ್ದು ಒಪ್ಪು. ಗ್ಯಾರೇಜಿನ ಗೋಡೆಯಲ್ಲಿ ಅಗ್ನಿಶಾಮಕ ಸಿಲಿಂಡರ್ ಇದೆ, ಅದರ ಮುಳ್ಳು ಕೆಂಪಿನಲ್ಲಿದೆ. ಗಾಡಿಯಲ್ಲೂ ಐಎಸ್ 15683 ಗುರುತಿನ 2 ಕೆ.ಜಿ. ಎಬಿಸಿ ಪುಡಿಯದೊಂದು ಇದ್ದರೆ ಒಳ್ಳೆಯದು. ಡೀಸೆಲ್ ಬೆಂಕಿಗೆ ನೀರು ಹೊಯ್ದರೆ ಡೀಸೆಲ್ ನೀರಿನ ಮೇಲೆ ತೇಲಿಕೊಂಡೇ ಹರಡುತ್ತದೆ.

ಬಿಲ್ಲು ನೇರ. ಸಾಮಾನಿನದ್ದು ಬೇರೆ, ಕೂಲಿ ಬೇರೆ ಬರೆದರು, ಹಳೆ ಸಾಮಾನನ್ನೆಲ್ಲ ಕೊಟ್ಟೆಗೆ ಹಾಕಿ ಕೈಗಿತ್ತರು. ಪಂಪಿನ ಸೀಲು ಒಡೆಯುವ ಕೆಲಸಕ್ಕೆ ತಾವು ಇಳಿಯುವುದಿಲ್ಲ, ಟೆಸ್ಟ್ ಬೆಂಚಿರುವ ಹುಬ್ಬಳ್ಳಿಯ ಪಂಪ್ ರೂಮಿಗೇ ಹೋಗಬೇಕು ಎಂದು ಮೊದಲೇ ಹೇಳಿದರು. ಅಂಥ ಪ್ರಾಮಾಣಿಕತೆ ಸಿಗುವುದು ಕಡಿಮೆ. ಹಾಗಾಗಿ ಗ್ಯಾರೇಜು ಬಿಡುವಂಥದ್ದಲ್ಲ, ಹೋಗುವ ರೀತಿ ಬದಲಿಸಬೇಕು.

ಬೆಳಿಗ್ಗೆ ಹೋಗಬೇಡಿ. ಹಿಂದಿನ ಸಂಜೆಯೇ ಗಾಡಿ ಬಿಟ್ಟು, ಬೆಳಿಗ್ಗೆ ಅಲುಗಿಸದೆ ಡ್ರೈನ್ ಮಾಡಲು ಹೇಳಿ, ಬಾಟಲಿ ನೀವೇ ಒಯ್ಯಿರಿ. ಆ ಬಾಟಲಿ, ಡಬ್ಬ ಯಾವುದೂ ಬೋರ್ಡೋ (ಅಡಿಕೆಗೆ ಹೊಡೆಯುವ ಮೈಲುತುತ್ತು-ಸುಣ್ಣದ ದ್ರಾವಣ) ಮಾಡಿದ್ದಾಗಬಾರದು, ಮೈಲುತುತ್ತಿನ ತಾಮ್ರ ಡೀಸೆಲ್ಲನ್ನು ಬೇಗ ಅಂಟಾಗಿಸುತ್ತದೆ. ಹೋಸು, ರಿಟರ್ನ್ ಪೈಪುಗಳ ಹಳೆ ತುಂಡನ್ನು ಅಂಗಡಿಗೆ ಒಯ್ದು ಒಳವ್ಯಾಸ ಹೊಂದಿಸಿ ಮೊದಲೇ ತಂದಿಟ್ಟುಕೊಳ್ಳಿ. ಹೊಂದಿಸಿ ಕೊಟ್ಟರೆ ಇವರು ಬೇಸರಿಸದೆ ಹಾಕಿಕೊಡುತ್ತಾರೆ. ಎರಡೂ ಕ್ಲಿಪ್ಪು ಕೂತಿವೆಯೇ ಎಂದು ಬಾನೆಟ್ ಮುಚ್ಚುವ ಮೊದಲು ಎಣಿಸಿ. ಮನೆಗೆ ಬಂದ ರಾತ್ರಿ ಎಂಜಿನ್ನಿನಡಿ ಹಳೆ ಪೇಪರು ಹಾಸಿಡಿ. ನೀರಿನ ಹನಿ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ, ಆಯಿಲ್ಲಿನದು ಕಪ್ಪಗಿರುತ್ತದೆ. ಅಚ್ಚಿನ ಅಕ್ಷರ ಹಿಂಬದಿಯಿಂದಲೂ ಕಾಣುವ ಹಾಗೆ ಕಾಗದವನ್ನು ಪಾರದರ್ಶಕ ಮಾಡಿ ಒಣಗದೆ ಉಳಿದದ್ದು ಡೀಸೆಲ್. ಅದರ ನೇರ ಮೇಲೆ ಯಾವ ಕೀಲಿದೆ ನೋಡಿ, ಅದೇ ಪೇಪರು ಹಿಡಿದು ಮತ್ತೆ ಗ್ಯಾರೇಜಿಗೆ ಹೋಗಿ.